ಲಕ್ಷಣಾವಲಂಬಿ ವೈವಿಧ್ಯೀಕರಣ ಮಾದರಿಗಳು

ಲಕ್ಷಣಾವಲಂಬಿ ವೈವಿಧ್ಯೀಕರಣ ಮಾದರಿಗಳು ವಿಕಾಸ ಜೀವಶಾಸ್ತ್ರದಲ್ಲಿ ಬಳಕೆಯಲ್ಲಿರುವ ಸಂಖ್ಯಾಶಾಸ್ತ್ರೀಯ ಮಾದರಿಗಳ ಒಂದು ಗುಂಪು. ಜೀವಿಗಳಲ್ಲಿರುವ ಒಂದು ಲಕ್ಷಣವು ಅವುಗಳ ವಂಶಶಾಖೆಗಳು ಹೊಸ ಪ್ರಭೇದಗಳಾಗಿ ಕವಲೊಡೆಯುವ ದರವನ್ನು ಅಥವಾ ಅಳಿದುಹೋಗುವ ದರವನ್ನು ಬದಲಿಸಿದೆಯೇ ಎಂಬುದನ್ನು ಈ ಮಾದರಿಗಳು ವಂಶವೃಕ್ಷದ ನೆರವಿನಿಂದ ಪರೀಕ್ಷಿಸುತ್ತವೆ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇವನ್ನು ಎಸ್‌ಎಸ್‌ಇ ಮಾದರಿಗಳೆಂದು ಸಂಕ್ಷೇಪಿಸಲಾಗುತ್ತದೆ. ಇವುಗಳಲ್ಲಿ ಮೊದಲನೆಯದಾದ ಬಿಸ್ಸಿ ಮಾದರಿಯನ್ನು 2007ರಲ್ಲಿ ವೇಯ್ನ್ ಮ್ಯಾಡಿಸನ್, ಪೀಟರ್ ಮಿಡ್‌ಫರ್ಡ್ ಮತ್ತು ಸಾರಾ ಓಟೋ ಪ್ರಕಟಿಸಿದರು. ಆನಂತರ ಇದೇ ತಳಹದಿಯ ಮೇಲೆ ಹಲವು ಮಾದರಿಗಳು ರೂಪುಗೊಂಡವು. ಲಕ್ಷಣಕ್ಕೂ ವೈವಿಧ್ಯಕ್ಕೂ ಸಂಬಂಧವೇ ಇಲ್ಲದಿರುವಾಗಲೂ ಸಂಬಂಧವಿದೆಯೆಂದು ಆರಂಭದ ಮಾದರಿಗಳು ತೋರಿಸಬಲ್ಲವು ಎಂಬುದು 2015ರಲ್ಲಿ ಸ್ಪಷ್ಟವಾಯಿತು. ಆ ಬಳಿಕ ಈ ಕ್ಷೇತ್ರದ ವಿಧಾನಗಳು ಗಣನೀಯವಾಗಿ ಬದಲಾದವು.

ಹಿನ್ನೆಲೆ

ಭೂಮಿಯ ಮೇಲಿನ ಜೀವವೈವಿಧ್ಯವು ವಂಶವೃಕ್ಷದ ಎಲ್ಲ ಕೊಂಬೆಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ. ನ್ಯೂಜಿಲೆಂಡಿನಲ್ಲಿ ಮಾತ್ರ ಕಂಡುಬರುವ ಟುವಟಾರ ಎಂಬ ಸರೀಸೃಪವು ತನ್ನ ಗಣದಲ್ಲಿ ಉಳಿದಿರುವ ಏಕೈಕ ಪ್ರಭೇದ. ಅದರ ಅತ್ಯಂತ ಸಮೀಪದ ಬಂಧುಗಳಾದ ಹಲ್ಲಿ ಮತ್ತು ಹಾವುಗಳ ಗುಂಪಿನಲ್ಲಿ 10,000ಕ್ಕೂ ಹೆಚ್ಚು ಪ್ರಭೇದಗಳಿವೆ. ಈ ಎರಡೂ ಕವಲುಗಳು ಒಂದೇ ಪೂರ್ವಜನಿಂದ ಹುಟ್ಟಿದವು; ಆದ್ದರಿಂದ ಎರಡರ ವಯಸ್ಸೂ ಒಂದೇ. ಹೀಗಿದ್ದೂ ಇಷ್ಟು ದೊಡ್ಡ ಅಂತರ ಏಕೆ ಉಂಟಾಯಿತು ಎಂಬುದು ವಿಕಾಸ ಜೀವಶಾಸ್ತ್ರದ ಹಳೆಯ ಪ್ರಶ್ನೆಗಳಲ್ಲೊಂದು.

ಇದಕ್ಕೆ ನೀಡಲಾಗುವ ಒಂದು ಉತ್ತರವೆಂದರೆ ಕೆಲವು ಲಕ್ಷಣಗಳು ವೈವಿಧ್ಯವನ್ನು ಹೆಚ್ಚಿಸುತ್ತವೆ ಎಂಬುದು. ಕೀಟಗಳಲ್ಲಿ ಸಸ್ಯಾಹಾರ, ಹೂಗಳಲ್ಲಿ ಮಕರಂದದ ಕೊಂಬು, ಸಸ್ಯಗಳಲ್ಲಿ ಹಾಲು ಅಥವಾ ರಾಳ ಸ್ರವಿಸುವ ನಾಳ ಇತ್ಯಾದಿಗಳನ್ನು ಇಂತಹ ಲಕ್ಷಣಗಳೆಂದು ಸೂಚಿಸಲಾಗಿದೆ. ಆದರೆ ಒಂದು ಲಕ್ಷಣವಿರುವ ಗುಂಪಿನಲ್ಲಿ ಪ್ರಭೇದಗಳು ಹೆಚ್ಚಿವೆ ಎಂದ ಮಾತ್ರಕ್ಕೆ ಆ ಲಕ್ಷಣವೇ ಹೆಚ್ಚಳಕ್ಕೆ ಕಾರಣವೆಂದು ಹೇಳಲಾಗದು. ಸಂಬಂಧ ನಿಜವೇ, ನಿಜವಾದರೆ ಅದು ಯಾವ ಬಗೆಯದು ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಮೂಲ ಪರಿಕಲ್ಪನೆಗಳು

ಪ್ರಭೇದೋತ್ಪತ್ತಿ ದರ: ಒಂದು ವಂಶಶಾಖೆಯು ನಿರ್ದಿಷ್ಟ ಕಾಲಾವಧಿಯಲ್ಲಿ ಎರಡಾಗಿ ಕವಲೊಡೆಯುವ ಸರಾಸರಿ ದರ. ಇದನ್ನು ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುವುದು ರೂಢಿ.

ಅಳಿವಿನ ದರ: ಒಂದು ವಂಶಶಾಖೆಯು ಸಂತತಿಯನ್ನು ಉಳಿಸದೆ ಕೊನೆಗೊಳ್ಳುವ ದರ. ಇದನ್ನು ಮ್ಯೂ ಎಂಬ ಅಕ್ಷರದಿಂದ ಸೂಚಿಸುತ್ತಾರೆ.

ನಿವ್ವಳ ವೈವಿಧ್ಯೀಕರಣ ದರ: ಪ್ರಭೇದೋತ್ಪತ್ತಿ ದರದಿಂದ ಅಳಿವಿನ ದರವನ್ನು ಕಳೆದಾಗ ದೊರೆಯುವ ದರ. ಗುಂಪು ಬೆಳೆಯುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ಇದು ತಿಳಿಸುತ್ತದೆ.

ಸ್ಥಿತ್ಯಂತರ ದರ: ಲಕ್ಷಣವು ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಬದಲಾಗುವ ದರ. ಉದಾಹರಣೆಗೆ, ಕೆಂಪು ಹೂವಿನ ವಂಶಶಾಖೆಯು ಬಿಳಿ ಹೂವಿನದಾಗಿ ಮಾರ್ಪಡುವ ದರ.

ನಿವ್ವಳ ದರವೊಂದನ್ನೇ ನೋಡಿದರೆ ಇತಿಹಾಸದ ಪೂರ್ಣ ಚಿತ್ರ ಸಿಗುವುದಿಲ್ಲ. ಪ್ರತಿ ಹತ್ತು ಲಕ್ಷ ವರ್ಷಗಳಿಗೆ ಒಂದು ಗುಂಪಿನ ಪ್ರಭೇದೋತ್ಪತ್ತಿ ದರ 0.2, ಅಳಿವಿನ ದರ 0.1 ಎಂದೂ, ಮತ್ತೊಂದು ಗುಂಪಿನಲ್ಲಿ ಇವು ಕ್ರಮವಾಗಿ 0.5 ಮತ್ತು 0.4 ಎಂದೂ ಭಾವಿಸಿದರೆ ಎರಡರ ನಿವ್ವಳ ದರವೂ 0.1 ಆಗುತ್ತದೆ. ಎರಡೂ ಗುಂಪುಗಳ ಪ್ರಭೇದಸಂಖ್ಯೆ ಸುಮಾರು 69 ಲಕ್ಷ ವರ್ಷಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಆದರೆ ಮೊದಲ ಗುಂಪಿನಲ್ಲಿ ಪ್ರಭೇದವೊಂದರ ಸರಾಸರಿ ಬಾಳಿಕೆ ಒಂದು ಕೋಟಿ ವರ್ಷಗಳಾದರೆ, ಎರಡನೆಯದರಲ್ಲಿ ಅದು ಕೇವಲ 25 ಲಕ್ಷ ವರ್ಷಗಳು.

ಲಕ್ಷಣವೊಂದು ವ್ಯಾಪಕವಾಗಿರಲು ಮೂರು ಕಾರಣಗಳು

ಒಂದು ಸಸ್ಯ ಗುಂಪಿನ ನೂರು ಪ್ರಭೇದಗಳಲ್ಲಿ ತೊಂಬತ್ತಕ್ಕೆ ಕೆಂಪು ಹೂವಿದೆ ಎಂದುಕೊಂಡರೆ, ಅದಕ್ಕೆ ಕನಿಷ್ಠ ಮೂರು ವಿವರಣೆಗಳು ಸಾಧ್ಯ. ಕೆಂಪು ಹೂವಿನ ವಂಶಶಾಖೆಗಳು ಬೇಗ ಬೇಗ ಕವಲೊಡೆದಿರಬಹುದು. ಅವು ಇತರ ಶಾಖೆಗಳಿಗಿಂತ ಕಡಿಮೆ ಅಳಿದಿರಬಹುದು. ಅಥವಾ ಕವಲೊಡೆಯುವಿಕೆಯಲ್ಲಾಗಲಿ ಅಳಿವಿನಲ್ಲಾಗಲಿ ಯಾವ ವ್ಯತ್ಯಾಸವೂ ಇಲ್ಲದೆ, ಬಿಳಿ ಹೂವು ಕೆಂಪಾಗುವುದು ಸುಲಭವಾಗಿ, ಕೆಂಪು ಹೂವು ಬಿಳಿಯಾಗುವುದು ಅಪರೂಪವಾಗಿದ್ದಿರಬಹುದು. ಇಂದಿನ ಎಣಿಕೆಯಲ್ಲಿ ಈ ಮೂರೂ ಒಂದೇ ಬಗೆಯಾಗಿ ಕಾಣುತ್ತವೆ.

ಈ ಕಾರಣಗಳಲ್ಲಿ ಒಂದನ್ನು ಮರೆತು ಇನ್ನೊಂದನ್ನು ಅಳೆದರೆ ಫಲಿತಾಂಶ ದಾರಿ ತಪ್ಪುತ್ತದೆ ಎಂಬುದನ್ನು ಮ್ಯಾಡಿಸನ್ 2006ರಲ್ಲಿ ವಿವರಿಸಿದರು. ಸ್ಥಿತ್ಯಂತರದ ಅಸಮತೆಯು ವೈವಿಧ್ಯೀಕರಣದ ಅಸಮತೆಯಂತೆಯೂ, ವೈವಿಧ್ಯೀಕರಣದ ಅಸಮತೆಯು ಸ್ಥಿತ್ಯಂತರದ ಅಸಮತೆಯಂತೆಯೂ ತೋರಬಲ್ಲದು. ಮೂರನ್ನೂ ಒಟ್ಟಿಗೆ ಅಳೆಯುವ ಮಾದರಿಯ ಅಗತ್ಯ ಇದರಿಂದ ಮನದಟ್ಟಾಯಿತು.

ಇತಿಹಾಸ

ಪ್ರಭೇದಗಳ ಹೆಚ್ಚಳವನ್ನು ಗಣಿತದ ರೂಪದಲ್ಲಿ ವಿವರಿಸುವ ಪ್ರಯತ್ನ 20ನೆಯ ಶತಮಾನದ ಆರಂಭದಷ್ಟು ಹಳೆಯದು. ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಪೆರಾದೆನಿಯ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಜೆ. ಸಿ. ವಿಲಿಸ್ ಸಸ್ಯಕುಲಗಳ ವಯಸ್ಸು ಮತ್ತು ವ್ಯಾಪ್ತಿಯ ಕುರಿತು ಮಂಡಿಸಿದ್ದ ವಿಚಾರಗಳನ್ನು ಆಧರಿಸಿ, ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಜಿ. ಉಡ್ನಿ ಯೂಲ್ 1925ರಲ್ಲಿ ಒಂದು ಮಾದರಿಯನ್ನು ರಚಿಸಿದರು. ಅದರಲ್ಲಿ ಕವಲೊಡೆಯುವಿಕೆ ಮಾತ್ರವಿತ್ತು, ಅಳಿವು ಇರಲಿಲ್ಲ. 1948ರಲ್ಲಿ ಡೇವಿಡ್ ಕೆಂಡಾಲ್ ಹುಟ್ಟು ಮತ್ತು ಸಾವು ಎರಡನ್ನೂ ಒಳಗೊಂಡ ಸಾಮಾನ್ಯ ಪ್ರಕ್ರಿಯೆಯ ಗಣಿತವನ್ನು ಬೆಳೆಸಿದರು. 1994ರಲ್ಲಿ ಶಾನ್ ನೀ, ರಾಬರ್ಟ್ ಮೇ ಮತ್ತು ಪಾಲ್ ಹಾರ್ವೆ ಇದನ್ನು ಜೀವಂತ ಪ್ರಭೇದಗಳಿಂದಷ್ಟೇ ಕಟ್ಟಿದ ವಂಶವೃಕ್ಷಗಳಿಗೆ ಅನ್ವಯಿಸುವ ವಿಧಾನವನ್ನು ನೀಡಿದರು.

ಲಕ್ಷಣ ಮತ್ತು ವೈವಿಧ್ಯದ ಸಂಬಂಧವನ್ನು ಪರೀಕ್ಷಿಸಲು ಮೊದಲು ಸೋದರ ಗುಂಪುಗಳ ಹೋಲಿಕೆ ಬಳಕೆಯಲ್ಲಿತ್ತು. 1988ರಲ್ಲಿ ಚಾರ್ಲ್ಸ್ ಮಿಟರ್, ಬ್ರಯಾನ್ ಫ್ಯಾರೆಲ್ ಮತ್ತು ಬ್ರಯಾನ್ ವೀಗ್‌ಮನ್ ಸಸ್ಯಾಹಾರಿ ಕೀಟಗಳ 13 ಗುಂಪುಗಳನ್ನು ಅವುಗಳ ಸೋದರ ಗುಂಪುಗಳೊಂದಿಗೆ ಹೋಲಿಸಿದಾಗ, 11 ಜೋಡಿಗಳಲ್ಲಿ ಸಸ್ಯಾಹಾರಿ ಗುಂಪೇ ದೊಡ್ಡದಾಗಿತ್ತು. ಈ ವಿಧಾನ ಸರಳವೂ ವಿಶ್ವಾಸಾರ್ಹವೂ ಆಗಿದ್ದರೂ, ಹೆಚ್ಚಳಕ್ಕೆ ಕಾರಣ ಕವಲೊಡೆಯುವಿಕೆಯೋ ಕಡಿಮೆ ಅಳಿವೋ ಎಂಬುದನ್ನು ಬೇರ್ಪಡಿಸಲಾರದು. ಲಕ್ಷಣವು ಪದೇ ಪದೇ ಬದಲಾಗುವ ಗುಂಪುಗಳಲ್ಲಿ ಇದರ ಬಳಕೆಯೂ ಕಷ್ಟ.

ಬಿಸ್ಸಿ ಮಾದರಿ

ಬಿಸ್ಸಿಯು ಎರಡು ಸ್ಥಿತಿಗಳಿರುವ ಲಕ್ಷಣಗಳಿಗಾಗಿ ರೂಪಿಸಿದ ಮಾದರಿ. ಸ್ಥಿತಿಗಳನ್ನು 0 ಮತ್ತು 1 ಎಂದು ಗುರುತಿಸಲಾಗುತ್ತದೆ. ಮಾದರಿಯಲ್ಲಿ ಒಟ್ಟು ಆರು ನಿಯತಾಂಕಗಳಿವೆ: ಪ್ರತಿ ಸ್ಥಿತಿಗೂ ಒಂದೊಂದು ಪ್ರಭೇದೋತ್ಪತ್ತಿ ದರ, ಒಂದೊಂದು ಅಳಿವಿನ ದರ, ಹಾಗೂ 0ಯಿಂದ 1ಕ್ಕೆ ಮತ್ತು 1ರಿಂದ 0ಗೆ ಆಗುವ ಎರಡು ಸ್ಥಿತ್ಯಂತರ ದರಗಳು.

ಲೆಕ್ಕಾಚಾರವು ವೃಕ್ಷದ ತುದಿಗಳಿಂದ, ಅಂದರೆ ಇಂದಿನ ಪ್ರಭೇದಗಳಿಂದ, ಬುಡದ ಕಡೆಗೆ ಕಾಲದಲ್ಲಿ ಹಿಂದಕ್ಕೆ ಸಾಗುತ್ತದೆ. ಪ್ರತಿ ಕ್ಷಣದಲ್ಲಿ ಎರಡು ಬಗೆಯ ಸಂಭವನೀಯತೆಗಳನ್ನು ಲೆಕ್ಕಹಾಕಲಾಗುತ್ತದೆ. ಮೊದಲನೆಯದು, ಆ ಕ್ಷಣದಲ್ಲಿ ನಿರ್ದಿಷ್ಟ ಸ್ಥಿತಿಯಲ್ಲಿದ್ದ ವಂಶಶಾಖೆಯು ಇಂದು ಕಾಣುವ ಉಪವೃಕ್ಷವನ್ನೂ ಅದರ ತುದಿಯ ಲಕ್ಷಣಗಳನ್ನೂ ನೀಡುವ ಸಂಭವನೀಯತೆ. ಎರಡನೆಯದು, ಅಂತಹ ಶಾಖೆಯು ಇಂದಿನವರೆಗೆ ಯಾವ ಸಂತತಿಯನ್ನೂ ಉಳಿಸದಿರುವ ಸಂಭವನೀಯತೆ. ಒಂದು ಅತಿಸಣ್ಣ ಕಾಲಾವಧಿಯಲ್ಲಿ ವೃಕ್ಷದ ಒಂದು ಗೆರೆಯುದ್ದಕ್ಕೂ ಮೂರು ಘಟನಾವಳಿಗಳು ಕಂಡ ವೃಕ್ಷಕ್ಕೆ ಹೊಂದುತ್ತವೆ:

• ಏನೂ ನಡೆಯದಿರುವುದು;
• ಲಕ್ಷಣದ ಸ್ಥಿತಿ ಬದಲಾಗುವುದು;
• ಶಾಖೆ ಕವಲೊಡೆದು, ಆ ಎರಡರಲ್ಲಿ ಒಂದು ಕವಲು ಇಂದಿಗೆ ಮುಂಚೆಯೇ ಅಳಿದುಹೋಗುವುದು.

ಇವನ್ನು ಒಟ್ಟುಗೂಡಿಸಿದಾಗ ನಾಲ್ಕು ಅವಕಲ ಸಮೀಕರಣಗಳು ದೊರೆಯುತ್ತವೆ. ಅವನ್ನು ಗಣಕಯಂತ್ರದ ನೆರವಿನಿಂದ ಬಿಡಿಸಲಾಗುತ್ತದೆ. ಎರಡು ಶಾಖೆಗಳು ಸೇರುವ ಗಂಟಿನಲ್ಲಿ ಎರಡೂ ಕಡೆಯ ಸಂಭವನೀಯತೆಗಳನ್ನು ಗುಣಿಸಿ, ಪ್ರಭೇದೋತ್ಪತ್ತಿ ದರದಿಂದ ಮತ್ತೊಮ್ಮೆ ಗುಣಿಸಲಾಗುತ್ತದೆ. ಬುಡವನ್ನು ತಲುಪಿದಾಗ, ಆರು ದರಗಳ ನಿರ್ದಿಷ್ಟ ಬೆಲೆಗಳಿಗೆ ಇಡೀ ವೃಕ್ಷ ಮತ್ತು ಲಕ್ಷಣಗಳ ಒಟ್ಟು ಸಂಭವನೀಯತೆ ಸಿಗುತ್ತದೆ. ಇದು ಗರಿಷ್ಠವಾಗುವ ಬೆಲೆಗಳೇ ದರಗಳ ಅಂದಾಜುಗಳು. ಬೇಯೀಸ್ ವಿಧಾನದಲ್ಲಿಯೂ ದರಗಳನ್ನು ಅಂದಾಜಿಸಬಹುದು.

ಲಕ್ಷಣದ ಪ್ರಭಾವವನ್ನು ಪರೀಕ್ಷಿಸಲು ಎರಡು ಮಾದರಿಗಳನ್ನು ಹೋಲಿಸಲಾಗುತ್ತದೆ. ಒಂದರಲ್ಲಿ ಎರಡೂ ಸ್ಥಿತಿಗಳ ದರಗಳು ಸಮವೆಂದು ನಿರ್ಬಂಧಿಸಲಾಗಿರುತ್ತದೆ. ಇದು ಶೂನ್ಯ ಪ್ರಾಕ್ಕಲ್ಪನೆ. ಇನ್ನೊಂದರಲ್ಲಿ ದರಗಳು ಬೇರೆಯಾಗಿರಲು ಅವಕಾಶವಿರುತ್ತದೆ. ಎರಡನೆಯದು ದತ್ತಾಂಶಕ್ಕೆ ಗಮನಾರ್ಹವಾಗಿ ಚೆನ್ನಾಗಿ ಹೊಂದಿದರೆ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲಾಗುತ್ತದೆ.

ಬದನೆ ಕುಟುಂಬದ ಅಧ್ಯಯನ

ಈ ಮಾದರಿಯ ಪ್ರಸಿದ್ಧ ಅನ್ವಯಗಳಲ್ಲಿ ಒಂದು ಸೊಲನೇಸಿ ಎಂಬ ಬದನೆ ಕುಟುಂಬಕ್ಕೆ ಸಂಬಂಧಿಸಿದ್ದು. ಬದನೆ, ಟೊಮೇಟೊ, ಆಲೂಗಡ್ಡೆ, ಮೆಣಸಿನಕಾಯಿ, ತಂಬಾಕು ಮತ್ತು ದತ್ತೂರಿ ಗಿಡಗಳು ಈ ಕುಟುಂಬಕ್ಕೆ ಸೇರುತ್ತವೆ. ಇದರ ಅನೇಕ ಪ್ರಭೇದಗಳ ಹೂಗಳು ತಮ್ಮದೇ ಗಿಡದ ಪರಾಗವನ್ನು ಗುರುತಿಸಿ ತಿರಸ್ಕರಿಸುತ್ತವೆ. ಇವು ಸ್ವಪರಾಗ ನಿರೋಧಕ ಪ್ರಭೇದಗಳು. ಇವುಗಳಲ್ಲಿ ಬೀಜ ಕಟ್ಟಲು ಬೇರೆ ಗಿಡದ ಪರಾಗ ಬೇಕೇ ಬೇಕು. ಉಳಿದವು ಸ್ವಪರಾಗ ಸ್ವೀಕಾರಿ ಪ್ರಭೇದಗಳು. ಕೃಷಿಯಲ್ಲಿರುವ ಟೊಮೇಟೊ ಇದಕ್ಕೆ ಉದಾಹರಣೆ. ಅದರ ಕೆಲವು ಕಾಡುಬಂಧುಗಳು ಇಂದಿಗೂ ಸ್ವಪರಾಗ ನಿರೋಧಕಗಳಾಗಿವೆ.

ನಿರೋಧ ವ್ಯವಸ್ಥೆಯು ಈ ಕುಟುಂಬದಲ್ಲಿ ಪ್ರಾಚೀನವಾದುದು. ಅದು ಮತ್ತೆ ಮತ್ತೆ ಕಳೆದುಹೋಗಿದೆ. ಒಮ್ಮೆ ಕಳೆದದ್ದು ಮರಳಿ ಬಂದಂತೆ ಕಾಣುವುದಿಲ್ಲ. ಸ್ವಪರಾಗ ಸ್ವೀಕಾರದಿಂದ ಗಿಡಕ್ಕೆ ತಕ್ಷಣದ ಲಾಭವೂ ಇದೆ, ಏಕೆಂದರೆ ಸಂಗಾತಿ ಗಿಡವಾಗಲಿ ಪರಾಗ ತರುವ ಕೀಟವಾಗಲಿ ಇಲ್ಲದಿದ್ದರೂ ಬೀಜ ಕಟ್ಟುತ್ತದೆ. ಒಂದೇ ದಿಕ್ಕಿನಲ್ಲಿ ಸಾಗುವ ಬದಲಾವಣೆ ನಡೆಯುತ್ತಲೇ ಇದ್ದರೆ ಕಾಲಾಂತರದಲ್ಲಿ ನಿರೋಧಕ ಪ್ರಭೇದಗಳು ಇಲ್ಲವಾಗಬೇಕಿತ್ತು. ಅವು ಇನ್ನೂ ಉಳಿದಿರುವುದೇಕೆ ಎಂಬುದೇ ಇಲ್ಲಿನ ಸಮಸ್ಯೆ. ಸ್ವಕೀಯ ಪರಾಗಸ್ಪರ್ಶವು ವಿಕಾಸದಲ್ಲಿ ಮುಂದೆ ದಾರಿಯಿಲ್ಲದ ಕವಲು ಎಂಬ ವಾದವನ್ನು ಸಸ್ಯವಿಜ್ಞಾನಿ ಜಿ. ಲೆಡ್ಯಾರ್ಡ್ ಸ್ಟೆಬಿನ್ಸ್ 1957ರಲ್ಲಿಯೇ ಮುಂದಿಟ್ಟಿದ್ದರು. ಆದರೆ ಅದನ್ನು ಅಳತೆಗೆ ಒಳಪಡಿಸುವ ಸಾಧನ ಆಗ ಇರಲಿಲ್ಲ.

2010ರಲ್ಲಿ ಎಮ್ಮಾ ಗೋಲ್ಡ್‌ಬರ್ಗ್, ಬೋರಿಸ್ ಇಗಿಚ್ ಮತ್ತು ಸಹೋದ್ಯೋಗಿಗಳು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಬಿಸ್ಸಿ ಮಾದರಿಯನ್ನು ಈ ಕುಟುಂಬಕ್ಕೆ ಅನ್ವಯಿಸಿತು. ಸ್ವಪರಾಗ ಸ್ವೀಕಾರಿ ಶಾಖೆಗಳು ಹೆಚ್ಚು ವೇಗವಾಗಿ ಕವಲೊಡೆಯುತ್ತವೆ, ಆದರೆ ಅವುಗಳ ಅಳಿವಿನ ದರ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ ಎಂಬುದು ಅದರ ಫಲಿತಾಂಶ. ಹೀಗಾಗಿ ನಿವ್ವಳ ದರದಲ್ಲಿ ನಿರೋಧಕ ಶಾಖೆಗಳೇ ಮುಂದಿವೆ. ಗಿಡದ ಮಟ್ಟದಲ್ಲಿ ಲಾಭದಾಯಕವಾದ ಲಕ್ಷಣವು ಪ್ರಭೇದದ ಮಟ್ಟದಲ್ಲಿ ನಷ್ಟ ತರುತ್ತದೆ. ಈ ಎರಡರ ನಡುವಿನ ಸಮತೋಲನವೇ ನಿರೋಧ ವ್ಯವಸ್ಥೆಯನ್ನು ಉಳಿಸಿದೆ ಎಂದು ಅಧ್ಯಯನಕಾರರು ವಾದಿಸಿದರು. ಇದನ್ನು ಪ್ರಭೇದ ಮಟ್ಟದ ಆಯ್ಕೆಗೆ ಪ್ರಬಲ ಉದಾಹರಣೆಯೆಂದು ಪರಿಗಣಿಸಲಾಯಿತು.

ವಿಸ್ತೃತ ಮಾದರಿಗಳು

ಬಿಸ್ಸಿಯ ತಳಹದಿಯ ಮೇಲೆ ಬೇರೆ ಬೇರೆ ಬಗೆಯ ದತ್ತಾಂಶಕ್ಕೆ ಹೊಂದುವ ಮಾದರಿಗಳು ರಚನೆಯಾದವು:

• ಕ್ವಾಸ್ಸಿ (2010): ದೇಹದ ಗಾತ್ರದಂತಹ ನಿರಂತರವಾಗಿ ಬದಲಾಗುವ ಲಕ್ಷಣಗಳಿಗಾಗಿ ರಿಚರ್ಡ್ ಫಿಟ್ಸ್‌ಜಾನ್ ರೂಪಿಸಿದ್ದು.
• ಮ್ಯೂಸ್ಸಿ: ಎರಡಕ್ಕಿಂತ ಹೆಚ್ಚು ಸ್ಥಿತಿಗಳಿರುವ ಲಕ್ಷಣಗಳಿಗೆ, ಅಥವಾ ಹಲವು ಲಕ್ಷಣಗಳ ಜೋಡಣೆಗೆ.
• ಜಿಯೋಸ್ಸಿ (2011): ಪ್ರಭೇದ ವಾಸಿಸುವ ಪ್ರದೇಶವನ್ನೇ ಸ್ಥಿತಿಯಾಗಿ ಪರಿಗಣಿಸುತ್ತದೆ. ಇದರಲ್ಲಿ ಒಂದು ಪ್ರಭೇದ ಎರಡೂ ಪ್ರದೇಶಗಳಲ್ಲಿ ಇರಬಹುದು.
• ಕ್ಲಾಸ್ಸಿ (2012): ಕವಲೊಡೆಯುವ ಕ್ಷಣದಲ್ಲಿಯೇ ಲಕ್ಷಣ ಬದಲಾಗುವ ಸಾಧ್ಯತೆಯನ್ನು ಸೇರಿಸುತ್ತದೆ.
• ಹಿಸ್ಸಿ (2016): ಅಳೆಯದೆ ಉಳಿದ, ಅಂದರೆ ಅಡಗಿದ, ಲಕ್ಷಣವೊಂದರ ಪ್ರಭಾವಕ್ಕೆ ಅವಕಾಶ ನೀಡುತ್ತದೆ.

ಟೀಕೆ ಮತ್ತು ಸುಳ್ಳು ಸಂಬಂಧದ ಸಮಸ್ಯೆ

2015ರಲ್ಲಿ ಡೇನಿಯಲ್ ರಬೋಸ್ಕಿ ಮತ್ತು ಎಮ್ಮಾ ಗೋಲ್ಡ್‌ಬರ್ಗ್ ಈ ವಿಧಾನದ ಗಂಭೀರ ದೋಷವೊಂದನ್ನು ಬಯಲಿಗೆ ತಂದರು. ಗೋಲ್ಡ್‌ಬರ್ಗ್ ಅವರು ಬದನೆ ಕುಟುಂಬದ ಅಧ್ಯಯನದ ಮೊದಲ ಲೇಖಕಿಯೂ ಆಗಿದ್ದರು ಎಂಬುದು ಗಮನಾರ್ಹ. ನಿಜವಾದ ವಂಶವೃಕ್ಷಗಳ ಮೇಲೆ, ವೈವಿಧ್ಯೀಕರಣಕ್ಕೆ ಯಾವ ಸಂಬಂಧವೂ ಇಲ್ಲದ ಲಕ್ಷಣಗಳನ್ನು ಗಣಕಯಂತ್ರದಲ್ಲಿ ಯಾದೃಚ್ಛಿಕವಾಗಿ ವಿಕಾಸಗೊಳಿಸಿ ಪರೀಕ್ಷಿಸಿದಾಗ, ಬಿಸ್ಸಿಯು ಅನೇಕ ಬಾರಿ ಬಲವಾದ ಸಂಬಂಧವನ್ನು ವರದಿ ಮಾಡಿತು. ಪ್ರಭೇದದ ವೈಜ್ಞಾನಿಕ ಹೆಸರಿನಲ್ಲಿರುವ ಅಕ್ಷರಗಳ ಸಂಖ್ಯೆಯಂತಹ ಅರ್ಥಹೀನ ಲಕ್ಷಣಕ್ಕೂ ಪ್ರಭೇದೋತ್ಪತ್ತಿಗೂ ಸಂಬಂಧವಿದೆಯೆಂಬ ಫಲಿತಾಂಶ ಬರುವುದನ್ನು ಅವರು ತೋರಿಸಿದರು.

ದೋಷದ ಮೂಲವು ಶೂನ್ಯ ಪ್ರಾಕ್ಕಲ್ಪನೆಯಲ್ಲಿದೆ. ಲಕ್ಷಣದ ಪ್ರಭಾವವಿಲ್ಲದಿದ್ದರೆ ಇಡೀ ವೃಕ್ಷದಲ್ಲಿ ದರವು ಒಂದೇ ಆಗಿರುತ್ತದೆ ಎಂದು ಅದು ಭಾವಿಸುತ್ತದೆ. ನಿಜವಾದ ವೃಕ್ಷಗಳು ಹಾಗಿರುವುದಿಲ್ಲ. ಉದಾಹರಣೆಗೆ, ತಿಮಿಂಗಿಲಗಳ ವಂಶವೃಕ್ಷದಲ್ಲಿ ಡಾಲ್ಫಿನ್ ಕುಟುಂಬವು ಇತರ ಶಾಖೆಗಳಿಗಿಂತ ಬಹಳ ವೇಗವಾಗಿ ಕವಲೊಡೆದಿದೆ. ದರವು ಒಂದೇ ಎಂಬ ಪ್ರಾಕ್ಕಲ್ಪನೆ ಇಲ್ಲಿ ಮೊದಲೇ ತಪ್ಪು. ಡಾಲ್ಫಿನ್‌ಗಳಲ್ಲಿ ಹೆಚ್ಚಾಗಿ ಕಾಣುವ ಯಾವುದೇ ಲಕ್ಷಣವನ್ನು ಕೊಟ್ಟರೂ ಮಾದರಿಯು ದರಗಳು ಬೇರೆಯಾಗಿರುವ ಆಯ್ಕೆಯತ್ತ ವಾಲುತ್ತದೆ, ಏಕೆಂದರೆ ಅದಕ್ಕೆ ಲಭ್ಯವಿರುವ ಇನ್ನೊಂದು ಆಯ್ಕೆ ಅದಕ್ಕಿಂತ ಹೆಚ್ಚು ತಪ್ಪಾಗಿರುತ್ತದೆ.

ಅದೇ ವರ್ಷ ಮ್ಯಾಡಿಸನ್ ಮತ್ತು ಫಿಟ್ಸ್‌ಜಾನ್ ಇದಕ್ಕೆ ಹತ್ತಿರದ ಮತ್ತೊಂದು ಸಮಸ್ಯೆಯನ್ನು ಚರ್ಚಿಸಿದರು. ವಿಕಾಸದಲ್ಲಿ ಒಮ್ಮೆ ಮಾತ್ರ ಉದ್ಭವಿಸಿದ ಲಕ್ಷಣವು ಆ ಗುಂಪಿನ ಸಾವಿರಾರು ಪ್ರಭೇದಗಳಲ್ಲಿದ್ದರೂ, ಅದು ಒಂದೇ ಘಟನೆಯ ಸಾಕ್ಷ್ಯ. ಸಸ್ತನಿಗಳೆಲ್ಲಕ್ಕೂ ಕೂದಲಿದೆ, ಅವೆಲ್ಲವೂ ಮರಿಗಳಿಗೆ ಹಾಲುಣಿಸುತ್ತವೆ. ಸಸ್ತನಿಗಳ ವೈವಿಧ್ಯಕ್ಕೆ ಇವುಗಳಲ್ಲಿ ಯಾವುದು ಕಾರಣ ಎಂಬುದನ್ನು ಪ್ರಭೇದಗಳ ಸಂಖ್ಯೆಯಿಂದ ನಿರ್ಧರಿಸಲಾಗದು. ಲಕ್ಷಣವು ಬೇರೆ ಬೇರೆ ಶಾಖೆಗಳಲ್ಲಿ ಸ್ವತಂತ್ರವಾಗಿ ಹಲವು ಬಾರಿ ಉದ್ಭವಿಸಿ, ಪ್ರತಿ ಬಾರಿಯೂ ಒಂದೇ ಬಗೆಯ ಪರಿಣಾಮ ಕಂಡುಬಂದರೆ ಮಾತ್ರ ಸಾಕ್ಷ್ಯ ಬಲಗೊಳ್ಳುತ್ತದೆ.

ಅಡಗಿದ ಸ್ಥಿತಿಯ ಮಾದರಿಗಳು

ಜೆರೆಮಿ ಬ್ಯೂಲ್ಯೂ ಮತ್ತು ಬ್ರಯಾನ್ ಒಮಿಯರಾ 2016ರಲ್ಲಿ ಪ್ರಕಟಿಸಿದ ಹಿಸ್ಸಿ ಮಾದರಿಯು ಈ ಟೀಕೆಗೆ ದೊರೆತ ಮುಖ್ಯ ಉತ್ತರ. ಇದರಲ್ಲಿ ಅಳೆದ ಲಕ್ಷಣದ ಎರಡು ಸ್ಥಿತಿಗಳ ಜೊತೆಗೆ ಅಡಗಿದ ಲಕ್ಷಣದ ಎರಡು ಸ್ಥಿತಿಗಳಿದ್ದು, ಒಟ್ಟು ನಾಲ್ಕು ಜೋಡಣೆಗಳಾಗುತ್ತವೆ. ಇನ್ನೂ ಮಹತ್ವದ ಕೊಡುಗೆಯೆಂದರೆ ಲಕ್ಷಣ-ನಿರಪೇಕ್ಷ ಮಾದರಿಗಳು. ಇವುಗಳಲ್ಲಿ ವೃಕ್ಷದುದ್ದಕ್ಕೂ ದರ ಬದಲಾಗಬಹುದು, ಆದರೆ ಆ ಬದಲಾವಣೆಗೆ ಅಡಗಿದ ಲಕ್ಷಣವಷ್ಟೇ ಕಾರಣ. ಅಳೆದ ಲಕ್ಷಣಕ್ಕೆ ಅದರಲ್ಲಿ ಪಾತ್ರವಿಲ್ಲ. ಹೀಗೆ ದರವು ಎಲ್ಲೆಡೆ ಒಂದೇ ಎಂಬ ದುರ್ಬಲ ಪ್ರತಿಸ್ಪರ್ಧಿಯ ಬದಲು, ಸಮಾನ ಸಂಕೀರ್ಣತೆಯ ಪ್ರತಿಸ್ಪರ್ಧಿಯೊಂದಿಗೆ ಹೋಲಿಕೆ ಸಾಧ್ಯವಾಯಿತು. 2017ರಲ್ಲಿ ರಬೋಸ್ಕಿ ಮತ್ತು ಗೋಲ್ಡ್‌ಬರ್ಗ್ ಫಿಸ್ಸಿ ಎಂಬ ಬೇರೊಂದು ಬಗೆಯ ಪರೀಕ್ಷೆಯನ್ನೂ ಸೂಚಿಸಿದರು.

ಬದನೆ ಕುಟುಂಬವನ್ನು ಹೊಸ ವಿಧಾನದಿಂದ ಮತ್ತೆ ಪರಿಶೀಲಿಸಲಾಯಿತು. ವರ್ಣತಂತುಗಳ ಗುಂಪು ಇಮ್ಮಡಿಯಾಗುವ ಬಹುಗುಣಿತತೆಯೂ ವೈವಿಧ್ಯೀಕರಣದ ದರವನ್ನು ಬದಲಿಸುತ್ತದೆ ಎಂಬ ವಾದವಿದ್ದುದರಿಂದ, ರೊಸಾನಾ ಸೆನಿಲ್-ಫರ್ಗ್ಯೂಸನ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಬಹುಗುಣಿತತೆ, ಪರಾಗಸ್ಪರ್ಶ ವ್ಯವಸ್ಥೆ ಮತ್ತು ಅಡಗಿದ ಲಕ್ಷಣ ಮೂರನ್ನೂ ಒಂದೇ ಮಾದರಿಯಲ್ಲಿ ಸೇರಿಸಿದರು. ಬಹುಗುಣಿತತೆಯನ್ನು ಒಂಟಿಯಾಗಿ ನೋಡಿದಾಗ ಕಾಣುತ್ತಿದ್ದ ವ್ಯತ್ಯಾಸವು ಇತರ ಅಂಶಗಳನ್ನು ಸೇರಿಸಿದಾಗ ಬಹುಮಟ್ಟಿಗೆ ಕರಗಿತು. ಪರಾಗಸ್ಪರ್ಶ ವ್ಯವಸ್ಥೆಯ ಪ್ರಭಾವ ಮಾತ್ರ ಉಳಿಯಿತು. ಅದೇ ವರ್ಷ ವಿಲಿಯಂ ಫ್ರೈಮನ್ ಮತ್ತು ಸೆಬಾಸ್ಟಿಯನ್ ಹೋನಾ ಒನಾಗ್ರೇಸಿ ಕುಟುಂಬದಲ್ಲಿ ನಡೆಸಿದ ಅಧ್ಯಯನವು, ನಿರೋಧವನ್ನು ಕಳೆದುಕೊಂಡ ಶಾಖೆಗಳು ಆರಂಭದಲ್ಲಿ ವೇಗವಾಗಿ ಕವಲೊಡೆದು ಆನಂತರ ಕ್ಷೀಣಿಸುತ್ತವೆ ಎಂದು ಸೂಚಿಸಿತು.

ದತ್ತಾಂಶದ ಅಗತ್ಯ ಮತ್ತು ಮಿತಿಗಳು

ಈ ಮಾದರಿಗಳಿಗೆ ಕಾಲಮಾನಕ್ಕೆ ಹೊಂದಿಸಿದ ವಂಶವೃಕ್ಷ ಮತ್ತು ತುದಿಯ ಪ್ರಭೇದಗಳ ಲಕ್ಷಣಗಳ ಪಟ್ಟಿ ಬೇಕು. ವೃಕ್ಷದಲ್ಲಿ ಎಲ್ಲ ಪ್ರಭೇದಗಳೂ ಇಲ್ಲದಿದ್ದರೆ, ಎಷ್ಟು ಭಾಗ ಸೇರಿದೆ ಎಂಬ ಅನುಪಾತವನ್ನು ತಿಳಿಸುವ ವಿಧಾನವನ್ನು ಫಿಟ್ಸ್‌ಜಾನ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ನೀಡಿದರು. ಬಳಕೆಯಲ್ಲಿ ಕಂಡುಬಂದಿರುವ ಮುಖ್ಯ ಮಿತಿಗಳು ಇವು:

• ಸಣ್ಣ ವೃಕ್ಷಗಳಲ್ಲಿ ಅಂದಾಜು ಅಸ್ಥಿರ. 2013ರ ಒಂದು ಪರಿಶೀಲನೆಯು 300ಕ್ಕಿಂತ ಕಡಿಮೆ ಪ್ರಭೇದಗಳಿರುವ ವೃಕ್ಷಗಳಲ್ಲಿ, ಹಾಗೂ ಒಂದು ಸ್ಥಿತಿಯು ಶೇಕಡ 10ಕ್ಕಿಂತ ಕಡಿಮೆ ಪ್ರಭೇದಗಳಲ್ಲಿರುವಾಗ, ಬಿಸ್ಸಿಯ ಫಲಿತಾಂಶವನ್ನು ಬಹಳ ಎಚ್ಚರಿಕೆಯಿಂದ ನೋಡಬೇಕೆಂದು ಸೂಚಿಸಿತು.
• ಅಳಿದ ಪ್ರಭೇದಗಳು ವೃಕ್ಷದಲ್ಲಿ ಇರುವುದಿಲ್ಲ. ಆದ್ದರಿಂದ ಅಳಿವಿನ ದರದ ಅಂದಾಜು ಪ್ರಭೇದೋತ್ಪತ್ತಿ ದರದ ಅಂದಾಜಿಗಿಂತ ಹೆಚ್ಚು ಅನಿಶ್ಚಿತ.
• ವಂಶವೃಕ್ಷದಲ್ಲಿರುವ ತಪ್ಪುಗಳು, ವಿಶೇಷವಾಗಿ ಕಾಲಮಾನದ ತಪ್ಪುಗಳು, ನೇರವಾಗಿ ದರಗಳ ಮೇಲೆ ಪರಿಣಾಮ ಬೀರುತ್ತವೆ.
• 2020ರಲ್ಲಿ ಸ್ಟಿಲಿಯಾನೋಸ್ ಲೂಕಾ ಮತ್ತು ಮ್ಯಾಥ್ಯೂ ಪೆನೆಲ್ ನೇಚರ್ ಪತ್ರಿಕೆಯಲ್ಲಿ, ಜೀವಂತ ಪ್ರಭೇದಗಳ ಒಂದೇ ವೃಕ್ಷಕ್ಕೆ ಸಮಾನವಾಗಿ ಹೊಂದುವ ಅಸಂಖ್ಯ ದರಚರಿತ್ರೆಗಳಿವೆ ಎಂದು ತೋರಿಸಿದರು. ಅವರ ಫಲಿತಾಂಶವು ದರಗಳು ಕಾಲದೊಂದಿಗೆ ಬದಲಾಗುವ ಮಾದರಿಗಳಿಗೆ ಸಂಬಂಧಿಸಿದ್ದು. ಆದರೂ ವೈವಿಧ್ಯೀಕರಣದ ಎಲ್ಲ ಅಂದಾಜುಗಳ ಬಗೆಗೂ ಎಚ್ಚರಿಕೆ ಹೆಚ್ಚಲು ಅದು ಕಾರಣವಾಯಿತು.

ಸಂಬಂಧ ಕಂಡುಬಂದಾಗಲೂ ಅದು ಕಾರಣವನ್ನು ಸಾಬೀತುಪಡಿಸುವುದಿಲ್ಲ. ಅಳೆದ ಲಕ್ಷಣದ ಜೊತೆಯಲ್ಲಿಯೇ ಬದಲಾಗುವ ಇನ್ನೊಂದು ಲಕ್ಷಣ, ವಾಸಸ್ಥಳ ಅಥವಾ ಹವಾಮಾನ ನಿಜವಾದ ಕಾರಣವಾಗಿರಬಹುದು. ಪಳೆಯುಳಿಕೆಗಳು, ಪ್ರಯೋಗಗಳು ಮತ್ತು ಕ್ಷೇತ್ರಾಧ್ಯಯನಗಳಿಂದ ಬರುವ ಸಾಕ್ಷ್ಯವು ಮಾದರಿಯ ಫಲಿತಾಂಶವನ್ನು ಬೆಂಬಲಿಸಿದಾಗ ಅದಕ್ಕೆ ಹೆಚ್ಚಿನ ತೂಕ ಬರುತ್ತದೆ.

ತಂತ್ರಾಂಶಗಳು

ಬಿಸ್ಸಿಯು ಮೊದಲು ಮೆಸ್ಕೀಟ್ ಎಂಬ ತಂತ್ರಾಂಶದಲ್ಲಿ ಲಭ್ಯವಾಯಿತು. ಈಗ ಆರ್ ಭಾಷೆಯ ಡೈವರ್ಸಿಟ್ರೀ ಮತ್ತು ಹಿಸ್ಸಿ ಕಟ್ಟುಗಳು ವ್ಯಾಪಕ ಬಳಕೆಯಲ್ಲಿವೆ. ಬೇಯೀಸ್ ವಿಧಾನಕ್ಕೆ ರೆವ್‌ಬೇಯ್ಸ್ ತಂತ್ರಾಂಶವನ್ನು ಬಳಸಲಾಗುತ್ತದೆ. ಇವೆಲ್ಲವೂ ಉಚಿತವಾಗಿ ದೊರೆಯುತ್ತವೆ.

ಮಹತ್ವ

ನಿಸರ್ಗದ ಆಯ್ಕೆಯನ್ನು ಸಾಮಾನ್ಯವಾಗಿ ಒಂದು ಪ್ರಭೇದದೊಳಗಿನ ಜೀವಿಗಳ ನಡುವೆ ನಡೆಯುವ ಪ್ರಕ್ರಿಯೆಯಾಗಿ ವಿವರಿಸಲಾಗುತ್ತದೆ. ಪ್ರಭೇದಗಳ ನಡುವೆಯೂ ಆಯ್ಕೆ ನಡೆಯುತ್ತದೆಯೇ, ಅದು ಜೀವಿಮಟ್ಟದ ಆಯ್ಕೆಯ ವಿರುದ್ಧ ದಿಕ್ಕಿನಲ್ಲಿ ಸಾಗಬಲ್ಲದೇ ಎಂಬ ಪ್ರಶ್ನೆಗಳು ಬಹುಕಾಲ ವಾದದ ಮಟ್ಟದಲ್ಲಿಯೇ ಉಳಿದಿದ್ದವು. ಲಕ್ಷಣಾವಲಂಬಿ ಮಾದರಿಗಳು ಅವನ್ನು ಅಳತೆ ಮತ್ತು ಪರೀಕ್ಷೆಗೆ ಒಳಪಡಿಸಿದವು. 2015ರ ಟೀಕೆಗೆ ಮುಂಚೆ ಪ್ರಕಟವಾದ ಅಧ್ಯಯನಗಳಲ್ಲಿ ಹಲವು ದರವು ಎಲ್ಲೆಡೆ ಒಂದೇ ಎಂಬ ಶೂನ್ಯ ಪ್ರಾಕ್ಕಲ್ಪನೆಯನ್ನೇ ಅವಲಂಬಿಸಿವೆ. ಆದ್ದರಿಂದ ಅವುಗಳ ನಿರ್ಣಯಗಳನ್ನು ಓದುವಾಗ, ಫಲಿತಾಂಶವನ್ನು ಯಾವ ಪರ್ಯಾಯ ಮಾದರಿಯೊಂದಿಗೆ ಹೋಲಿಸಲಾಗಿದೆ ಮತ್ತು ಲಕ್ಷಣವು ಎಷ್ಟು ಬಾರಿ ಸ್ವತಂತ್ರವಾಗಿ ಉದ್ಭವಿಸಿದೆ ಎಂಬ ಎರಡು ಅಂಶಗಳನ್ನು ಗಮನಿಸುವುದು ಅವಶ್ಯಕ.